ಹತ್ತು ದಿನ ಯಾರ ಮನೆಯಲ್ಲಿ?

ಹೋದ ಶನಿವಾರ ಕೆಂಪಿಯನ್ನು ಕಳಿಸಿಕೊಟ್ಟೆವು. ಬೆಳಿಗ್ಗೆ ಆರಕ್ಕೆ ಎಚ್ಚರಾಗಿ, ಕೋಟು ಹಾಕಿಕೊಂಡು, ಬಾಗಿಲತನಕ ಹೋಗಿ ನಿಂತ ಮೇಲೆ ನೆನಪಾಗುತ್ತದೆ, ಅಡ್ಡಾಡಿಸಿಕೊಂಡು ಬರಲು ಮನೆಯಲ್ಲಿ ಯಾರೂ ಇಲ್ಲ ಅಂತ. ಆ ಸಂಕಟ ನಾಲ್ಕು ದಿನದಲ್ಲಿ ಹೋದೀತು. ಹೋಗದೇ ಉಳಿದದ್ದು ನನ್ನ ಏಳು ವರ್ಷದ ಮಗಳು ಹಾವೇರಿಯ ಅಜ್ಜನಿಗೆ ಕೇಳಿದ ಒಂದು ಮಾತು.

ಕೆಂಪಿ ಟೆಕ್ಸಸ್‌ನಿಂದ ಬಂದ ಐದು ತಿಂಗಳ ಕುನ್ನಿ. ದಕ್ಷಿಣದ ರಾಜ್ಯಗಳ ಶೆಲ್ಟರುಗಳು ತುಂಬಿಹೋಗಿರುತ್ತವೆ, ಹೀಗಾಗಿ ಅಲ್ಲಿನ ನಾಯಿಗಳನ್ನು ವ್ಯಾನಿನಲ್ಲಿ ಉತ್ತರಕ್ಕೆ ತರುತ್ತಾರೆ. ನಾವಿರುವ ಮ್ಯಾಸಚೂಸೆಟ್ಸ್‌ನಲ್ಲಿ ಹಾಗೆ ಬಂದ ನಾಯಿಯನ್ನು ಮೊದಲ 48 ತಾಸು ಪ್ರತ್ಯೇಕ ಇಟ್ಟು, ಡಾಕ್ಟರು ನೋಡಿದ ಮೇಲೆಯೇ ಹೊರಗೆ ಬಿಡಬೇಕು. ಕಾಯಂ ಮನೆ ಸಿಗುವತನಕ ಯಾರಾದರೂ ತಮ್ಮ ಮನೆಯಲ್ಲಿ ಇಟ್ಟುಕೊಂಡು ಜೋಪಾನ ಮಾಡಬೇಕಲ್ಲ, ಅವರೇ ಫೋಸ್ಟರ್. ಔಷಧ, ಆಹಾರ ನಾಯಿಗಳನ್ನು ತರುವ ಸಂಸ್ಥೆಯದು. ಜಾಗ, ನಿದ್ದೆ, ಸೋಫಾದ ಮೂಲೆ ನಮ್ಮದು. ಸಹಿ ಮಾಡಿದ ದಿನದಿಂದ ಆ ಜೀವಕ್ಕೆ ಏನಾದರೂ ಆದರೆ ಕೇಳುವುದು ನಮ್ಮನ್ನೇ.

ಬಂದ ಎರಡು ದಿನ ಪಂಜರದ ಬಾಗಿಲು ತೆಗೆದಿಟ್ಟರೂ ಆಕೆ ಹೊರಗೆ ಬರಲಿಲ್ಲ. ಮೆಟ್ಟಿಲು ಕಂಡರೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದಳು. ಕೊರಳಿನ ಬಿಲ್ಲೆ ಸ್ಟೀಲಿನ ಬಟ್ಟಲಿಗೆ ತಾಗಿ ಟಿಣ್ ಅಂದರೆ ಊಟ ಬಿಟ್ಟು ಓಡುತ್ತಿದ್ದಳು. ಮೊದಲ ಮೂರು ದಿನ ಹೆದರಿಕೆ ಇಳಿಯಲು, ಮೂರು ವಾರ ಮನೆಯ ರೀತಿ ತಿಳಿಯಲು, ಮೂರು ತಿಂಗಳು ಇದು ನನ್ನ ಮನೆ ಅಂತ ಅನಿಸಲು ಬೇಕಾಗುತ್ತದೆ ಎಂದು ಸಂಸ್ಥೆಯವರು ಹೇಳಿಕೊಟ್ಟಿದ್ದರು. ಮೂರನೆಯ ದಿನ ಸಂಜೆ ನಾನು ಜೋಳದ ರೊಟ್ಟಿ ಬಡಿಯಲು ಕುಳಿತೆ. ಈ ಸಪ್ಪಳಕ್ಕೆ ಪಾಪ ಇನ್ನಷ್ಟು ಹೆದರುತ್ತದೆ ಅಂತ ನನಗೆ ಕಳವಳ. ಎರಡನೆಯ ರೊಟ್ಟಿ ತಿರುವಿ ಹಾಕುವಾಗ ಹಿಂದೆ ಉಗುರು ನೆಲಕ್ಕೆ ತಾಗಿದ ಸಣ್ಣ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಆರಿದ ರೊಟ್ಟಿಯ ಒಂದು ಚೂರು ಮುರಿದು ಬೆನ್ನ ಹಿಂದೆ ಕೈ ಚಾಚಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಿಸಿ ಉಸಿರು ಬೆರಳಿಗೆ ತಾಗಿತು, ಚೂರು ಹೋಯಿತು. ನನ್ನ ಕಣ್ಣು ತುಂಬಿದ್ದವು, ಹಂಚಿನ ಹೊಗೆಗಲ್ಲ.

ಅಂದಿನಿಂದ ವಿಡಿಯೋ ಕಾಲಿನಲ್ಲಿ ಅಪ್ಪ ಮೊದಲು ಕೇಳುವುದೇ ನಾಯಿಯನ್ನು. ಸಂಸ್ಥೆಯವರು ಇಟ್ಟ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. "ಮೈಬಣ್ಣ ಕೆಂಪೈತಿ, ಕೆಂಪಿ ಅನ್ರಿ" ಅಂದರು. ಅದೇ ಉಳಿಯಿತು.

ಒಂದು ರವಿವಾರ ಅಪ್ಪ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದರು. ಹಿಂದೆ ಓಣಿಯ ನಾಯಿಯೊಂದು ಮಲಗಿತ್ತು. ಮಗಳು ಕೇಳಿದಳು, "ಅಜ್ಜಾ, ಅದು ಯಾರ ನಾಯಿ?"

"ಓಣಿದವ್ವ. ಎಲ್ಲಾರದೂ."

"ಎಲ್ಲಾರೂ ಅದನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರಾ?"

ಅಪ್ಪ ನಕ್ಕು, ಹಳೆಯ ನೆನಪಿನ ಭರದಲ್ಲಿ ಕರಿಯ ಕಥೆ ತೆಗೆದರು. ನಾನು ತಡೆಯಬೇಕಿತ್ತು, ತಡೆಯಲಿಲ್ಲ.

ಕರಿ ನಮ್ಮ ಓಣಿಯಲ್ಲಿದ್ದ ಕಪ್ಪು ಹೆಣ್ಣುನಾಯಿ. 1994ರ ಸುಮಾರು, ನಾನು ಐದನೆಯ ಇಯತ್ತೆ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಕರಿಗೆ ಒಂದು ಮನೆಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ತಂಗಳನ್ನ, ನಮ್ಮಲ್ಲಿ ಹಬ್ಬದ ದಿನ ಹೋಳಿಗೆ. ರಾತ್ರಿ ಅಪರಿಚಿತರು ಓಣಿಯೊಳಗೆ ಕಾಲಿಟ್ಟರೆ ಮೊದಲು ಕೂಗುವವಳು ಆಕೆ. ಒಮ್ಮೆ ಮರಿ ಹಾಕಿದ್ದಾಗ, ಮರಿ ಎತ್ತಿಕೊಳ್ಳಲು ಹೋದ ಹುಡುಗನೊಬ್ಬನ ಮೊಣಕಾಲಿಗೆ ಬಾಯಿ ಹಾಕಿದಳು. ಹುಡುಗನನ್ನು ದವಾಖಾನೆಗೆ ಒಯ್ದರು. ಹೊಕ್ಕಳ ಸುತ್ತ ಇಂಜೆಕ್ಷನ್ ಶುರುವಾದವು. ಆಗಿನದು ಹಳೆಯ ಲಸಿಕೆ, ದಿನಕ್ಕೊಂದರಂತೆ 14. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದರು: ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡ್ರಿ. ಹತ್ತು ದಿನ ನೆಟ್ಟಗಿದ್ದರೆ ಅದಕ್ಕೆ ಹುಚ್ಚಿಲ್ಲ, ಹುಡುಗನಿಗೆ ಸೂಜಿ ನಿಲ್ಲಿಸಬಹುದು.

ಓಣಿಯಲ್ಲಿ ಇಪ್ಪತ್ತು ಮನೆ. ಹತ್ತು ದಿನ ಯಾರ ಮನೆಯಲ್ಲಿ ಕಟ್ಟಬೇಕು ಅನ್ನುವುದರ ಮೇಲೆ ಮಾತು ನಿಂತಿತು. ಒಬ್ಬರ ಮನೆಯಲ್ಲಿ ಬಾಣಂತಿ, ಒಬ್ಬರಲ್ಲಿ ದನ, ಒಬ್ಬರಿಗೆ ಮಡಿ. ಸಂಜೆಯ ಹೊತ್ತಿಗೆ "ಹುಚ್ಚು ಹಿಡದೈತಿ" ಅಂತ ಯಾರೋ ಅಂದರು, ಬಡಿಗೆಗಳು ಬಂದವು. ಬಡಿಗೆ ಹಿಡಿದವರಲ್ಲಿ ದಿನಾ ರೊಟ್ಟಿ ಹಾಕುತ್ತಿದ್ದ ಕೈಗಳೂ ಇದ್ದವು. ಕರಿ ಕೊನೆಯತನಕ ಬಾಲ ಆಡಿಸುತ್ತಿದ್ದಳು, ಕರೆಯುತ್ತಿದ್ದಾರೆ ಅಂದುಕೊಂಡು. ನಾನು ಕಟ್ಟೆಯ ಮೇಲಿದ್ದೆ. ನಾಯಿ ಸತ್ತ ಮೇಲೆ ಕಾದು ನೋಡುವುದೇನು ಉಳಿಯಿತು? ಆ ಹುಡುಗ ಪೂರ್ತಿ 14 ಸೂಜಿ ಚುಚ್ಚಿಸಿಕೊಂಡ.

ಬಡಿಗೆಯ ಮಾತು ಅಪ್ಪ ಮಗಳಿಗೆ ಹೇಳಲಿಲ್ಲ. "ಇಟ್ಕೊಳ್ಳಾಕ ಯಾರೂ ತಯಾರಾಗ್ಲಿಲ್ಲ, ಸತ್ತುಹೋತು" ಎಂದಷ್ಟೇ ಮುಗಿಸಿದರು.

ಮಗಳು ಕೆಂಪಿಯ ಕಿವಿ ಸವರುತ್ತ ಕೇಳಿದಳು, "ಬರೇ ಟೆನ್ ಡೇಸ್ ಅಲ್ಲಾ ಅಜ್ಜಾ? ನೀ ಯಾಕ ಫೋಸ್ಟರ್ ಮಾಡ್ಲಿಲ್ಲ?"

ಆ ಕಡೆ ಅಪ್ಪ ಸುಮ್ಮನಾದರು. ನೆಟ್‌ವರ್ಕ್ ಹೋಯಿತೇನೋ ಅಂತ ನೋಡಿದೆ. ಹಿಂದಿನ ನಾಯಿ ಬಾಲದಿಂದ ನೊಣ ಹೊಡೆಯುತ್ತಲೇ ಇತ್ತು. "ಆಮ್ಯಾಲೆ ಮಾತಾಡ್ತೀನಿ" ಅಂದು ಫೋನಿಟ್ಟರು.

ಅಂದು ರಾತ್ರಿ ನನಗೆ ದೇವರಗುಡ್ಡ ನೆನಪಾಯಿತು. ನಾವು ಮಾಲತೇಶನ ಒಕ್ಕಲು. ಪ್ರತಿವರ್ಷ ರಾಣೆಬೆನ್ನೂರ ಮೇಲೆ ಹಾದು ಗುಡ್ಡಕ್ಕೆ ಹೋಗಿ, ದೇವರ ಸೇವೆಯ ಗೊರವಯ್ಯಗಳ ದೋಣಿಗೆ, ಅಂದರೆ ದೋಣಿಯಾಕಾರದ ಪಾತ್ರೆಗೆ, ಹಾಲು, ಬಾಳೆಹಣ್ಣು ಹಾಕುತ್ತಿದ್ದೆವು. ಕಂಬಳಿ ಹೊದ್ದ ಅವರು ದೇವರ ನಾಯಿಗಳಾಗಿ ಬೊಗಳುತ್ತ ದೋಣಿಗೆ ಬಾಯಿ ಹಾಕಿ ತಿನ್ನುವಾಗ ಇಡೀ ಓಣಿಯೇ "ಏಳು ಕೋಟಿ ಏಳು ಕೋಟಿಗೋ" ಅಂತ ಕೈ ಮುಗಿಯುತ್ತಿತ್ತು. ಕರಿ ಸತ್ತ ವರ್ಷವೂ ಹೋಗಿದ್ದೆವು. ನಮ್ಮ ಜನರಲ್ಲಿ ನಾಯಿಯ ಮೇಲೆ ಅಂತಃಕರಣ ಇಲ್ಲ ಅಂತ ಇಲ್ಲಿ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ, ಜಗಳವನ್ನೇ ಆಡುತ್ತೇನೆ. ಹಸಿದ ನಾಯಿಗೆ ರೊಟ್ಟಿ ಹಾಕದ ಮನೆ ನಮ್ಮಲ್ಲಿ ಕಡಿಮೆ. ಇಲ್ಲಿ ಇಷ್ಟು ಕಾಯಿದೆ ಇದ್ದರೂ ಟೆಕ್ಸಸ್‌ನಲ್ಲಿ ಕೆಂಪಿಯನ್ನು ರಸ್ತೆಗೆ ಬಿಟ್ಟುಹೋದವರು ಇದೇ ದೇಶದವರು. ಆದರೆ ನಮ್ಮಲ್ಲಿ "ಓಣಿದು" ಅನ್ನುವ ಆ ಒಂದು ಮಾತಿನೊಳಗೆ ಪ್ರೀತಿ ಎಷ್ಟು ಇದೆಯೋ, ಕೈ ತೊಳೆದುಕೊಳ್ಳುವುದೂ ಅಷ್ಟೇ ಇದೆ. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಹಾಕಿಸಿದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದ 2023ರ ನಿಯಮದಲ್ಲಿ ಬೀದಿನಾಯಿಗೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು ಅಂತ ಬರೆದಿದೆ. ಎಲ್ಲವೂ ಸರಿ. ನಮ್ಮ ಓಣಿಯಲ್ಲಿ ಹಗ್ಗ ಹಿಡಿದುಕೊಂಡು "ಇದು ನನ್ನ ಜವಾಬ್ದಾರಿ" ಅನ್ನುವವರು ಯಾರು?

ಕೆಂಪಿಗೆ ಮನೆ ಸಿಕ್ಕಿತು. ಒಬ್ಬ ನಿವೃತ್ತ ದಂಪತಿ, ಅವರಲ್ಲಿ ಒಂದು ಮುದಿ ನಾಯಿ. ಅರ್ಜಿ, ಫೋನು, ಎರಡು ಸಲ ಭೇಟಿ, ಮೈಕ್ರೋಚಿಪ್ಪು, ಎಲ್ಲ ಮುಗಿಯಲು ಎಂಟು ವಾರ ಹಿಡಿಯಿತು. ಆಕೆಯ ಅಭ್ಯಾಸಗಳನ್ನು ಎರಡು ಪುಟ ಬರೆದುಕೊಟ್ಟೆ. ಸ್ಟೀಲಿನ ಬಟ್ಟಲು ಬೇಡ. ತಿನ್ನಲು ಕೊಡುವಾಗ ಮೊದಮೊದಲು ಮುಖ ನೋಡಬೇಡಿ. ಕಾರು ಹತ್ತುವಾಗ ಮಗಳು ಅಳಲಿಲ್ಲ. ನಾನೇ ಅತ್ತೆ.

ಅವತ್ತು ರಾತ್ರಿ ಅಪ್ಪನೇ ಫೋನು ಮಾಡಿದರು. ಅಲ್ಲಿ ಇನ್ನೂ ಬೆಳಕು ಹರಿಯುತ್ತಿತ್ತು.

"ಹೋತೇನವ್ವಾ ಕೆಂಪಿ?"

"ಹೋತಪ್ಪಾ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಮೊಮ್ಮಗಳು ಕೇಳಿದ್ದು ಖರೇನ ಐತಿ. ಆವತ್ತ ಹಿತ್ತಲಕ್ಕ ಹೋಗಿ ಎಮ್ಮಿ ಹಗ್ಗ ತಗೊಂಡು ಪಡಸಾಲಿತನಕ ಬಂದಿದ್ದೆ. ಸಣ್ಣ ಹುಡುಗರಿರೋ ಮನಿ ಅಂದ್ಲು ನಿಮ್ಮವ್ವ. ನನಗೂ ಅಷ್ಟ ಬೇಕಾಗಿತ್ತು ನೋಡು. ಹಗ್ಗ ಅಲ್ಲೇ ಗೂಟಕ್ಕ ಹಾಕಿ ಕುಂತೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಆ ಹಗ್ಗದ ಸುದ್ದಿ ನಮ್ಮ ಮನೆಯಲ್ಲಿ ಬಂದಿರಲಿಲ್ಲ.

"ಆ ಮನಿಯವರು ಕೆಂಪಿನ್ನ ಕಟ್ಟಿ ಹಾಕ್ಯಾರೋ, ಬಿಟ್ಟಾರೋ?" ಅಪ್ಪ ಕೇಳಿದರು.

"ಬಿಟ್ಟಾರಪ್ಪಾ. ಹಾಸಿಗಿ ಮ್ಯಾಲೆ ಮಲಗಿದ್ದು ಫೋಟೋ ಕಳಿಸ್ಯಾರ."

"ನನಗೂ ಕಳಸವ್ವ ಅದನ್ನ."