ಚೆಕ್ ಎಂಜಿನ್ ಲೈಟ್ ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಿಸಬೇಡಿ

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ ಹತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ‘ಓಟೂ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು’ ಅನ್ನುತ್ತಾರೆ. ಹೊಸ ಸೆನ್ಸರ್ ಬೀಳುತ್ತದೆ, ಕೆಲವು ದಿನ ಲೈಟ್ ಆರಿರುತ್ತದೆ, ಆಮೇಲೆ ಮತ್ತೆ ಹತ್ತುತ್ತದೆ. ಜ್ವರ ಇಳಿಯಲಿಲ್ಲ ಅಂತ ಥರ್ಮಾಮೀಟರ್ ಬದಲಿಸಿದ ಹಾಗೆ. ಸ್ಕ್ಯಾನರ್ ಕೊಡುವ ಕೋಡು ಬಹಳ ಸಲ ಸೆನ್ಸರ್ ಏನನ್ನು ಕಂಡಿತು ಎಂಬುದನ್ನಷ್ಟೇ ಹೇಳುತ್ತದೆ. ಸೆನ್ಸರ್ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಓಟೂ ಅಂದರೆ ಆಮ್ಲಜನಕ. ಈ ಸೆನ್ಸರಿಗೆ ಪೆಟ್ರೋಲು ಕಾಣುವುದಿಲ್ಲ. ಸೈಲೆನ್ಸರ್ ಪೈಪಿನ ಹೊಗೆಯಲ್ಲಿ ಉಳಿದಿರುವ ಆಮ್ಲಜನಕ ಮಾತ್ರ ಕಾಣುತ್ತದೆ. ಒಳಗೆ ಜಿರ್ಕೋನಿಯಾ ಎಂಬ ಸೆರಾಮಿಕ್ ಇರುತ್ತದೆ, ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಎರಡು ಬದಿಯ ಆಮ್ಲಜನಕದ ವ್ಯತ್ಯಾಸ ವೋಲ್ಟೇಜ್ ಆಗಿ ಹೊರಬರುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಆಮ್ಲಜನಕ ಮುಗಿದಿದ್ದರೆ 0.8ರಿಂದ 0.9 ವೋಲ್ಟ್, ಗಾಳಿ ಜಾಸ್ತಿಯಾಗಿದ್ದರೆ 0.1 ವೋಲ್ಟಿನ ಆಸುಪಾಸು. ನಡುವಿನ ಗೆರೆ 0.45. ಶುದ್ಧ ಪೆಟ್ರೋಲಿಗೆ ಈ ಗೆರೆ ಸಿಗುವುದು 14.7 ಭಾಗ ಗಾಳಿಗೆ 1 ಭಾಗ ಇಂಧನ ಇದ್ದಾಗ. ಇದನ್ನೇ ಲ್ಯಾಂಬ್ಡಾ 1 ಎನ್ನುವುದು. ಬಾಷ್ ತಯಾರಿಸಿದ ಇಂಥ ಸೆನ್ಸರ್ 1976ರಲ್ಲಿ ಮೊದಲು ವೋಲ್ವೋ ಕಾರಿಗೆ ಬಂತು. ಇಂದಿಗೂ ಮೂಲ ತತ್ವ ಅದೇ.

ಸಾಮಾನ್ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನಲ್ಲಿ ಎರಡು ಸೆನ್ಸರ್ ಇರುತ್ತವೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ ಇರುವುದು, ಸ್ಕ್ಯಾನರಿನ ಭಾಷೆಯಲ್ಲಿ, ಬ್ಯಾಂಕ್ 1 ಸೆನ್ಸರ್ 1. ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವುದು ಇದರ ಮಾತು ಕೇಳಿ. ಕನ್ವರ್ಟರ್ ಆದಮೇಲೆ ಬರುವ ಸೆನ್ಸರ್ 2ರ ಮುಖ್ಯ ಕೆಲಸ ಕನ್ವರ್ಟರಿನ ಮೇಲೆ ಕಣ್ಣಿಡುವುದು. ಮೈಲೇಜ್ ಬಿದ್ದರೆ ಮೊದಲು ನೋಡಬೇಕಾದದ್ದು ಮುಂದಿನದನ್ನು. ಹಿಂದಿನದು ಬದಲಿಸಿ ಮೈಲೇಜ್ ಬರಲಿಲ್ಲ ಎಂದು ಗೊಣಗಿ ಪ್ರಯೋಜನವಿಲ್ಲ.

ಸೆನ್ಸರ್ ಏನು ಹೇಳುತ್ತಿದೆ ಎಂದು ನೋಡಲು ದೊಡ್ಡ ಸ್ಕ್ಯಾನರ್ ಬೇಕಿಲ್ಲ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ಕಾರಿನ ತಪಾಸಣೆಯ) ಸಾಕೆಟ್ಟಿಗೆ ಒಂದು ಇಎಲ್‌ಎಂ327 ಬ್ಲೂಟೂತ್ ಡಾಂಗಲ್, ಫೋನಿನಲ್ಲಿ ಯಾವುದಾದರೊಂದು ಒಬಿಡಿ ಆ್ಯಪ್ ಇದ್ದರೆ ಸಾಕು. ಎಂಜಿನ್ ಪೂರ್ತಿ ಬಿಸಿಯಾಗಲಿ, ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗಿ ನಿಲ್ಲಲಿ. ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಮುಂದಿನ ಸೆನ್ಸರಿನ ವೋಲ್ಟೇಜ್ ಗ್ರಾಫ್ ನೋಡಿ. ಆರೋಗ್ಯವಾಗಿರುವ ಸೆನ್ಸರ್ 0.1 ಮತ್ತು 0.9ರ ನಡುವೆ ಸೆಕೆಂಡಿಗೊಮ್ಮೆ ಅಥವಾ ಅದಕ್ಕೂ ಚುರುಕಾಗಿ ಮೇಲೆ ಕೆಳಗೆ ಓಡಾಡುತ್ತದೆ. ಇಲ್ಲಿ ಒಂದು ಮೋಸವಿದೆ: ಅಗ್ಗದ ಡಾಂಗಲ್ ನಿಧಾನ. ಪರದೆಯ ಮೇಲೆ ಹತ್ತು ಮೀಟರ್ ಇಟ್ಟುಕೊಂಡರೆ ಒಂದೊಂದಕ್ಕೂ ಎರಡು ಸೆಕೆಂಡಿಗೊಮ್ಮೆ ಸರದಿ ಬಂದು, ಒಳ್ಳೆಯ ಸೆನ್ಸರೂ ತೂಕಡಿಸುವಂತೆ ಕಾಣುತ್ತದೆ. ಬೇರೆಲ್ಲ ತೆಗೆದು ಆ ಒಂದನ್ನೇ ಇಡಿ.

ಈಗ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿ ಬಿಡಿ. ಒತ್ತಿದಾಗ 0.8 ದಾಟಬೇಕು, ಬಿಟ್ಟು ಆರ್‌ಪಿಎಂ ಇಳಿಯುವಾಗ ಇಂಜೆಕ್ಟರ್ ಬಂದ್ ಆಗಿ ಸೊನ್ನೆಯ ಹತ್ತಿರ ಬರಬೇಕು. ಎರಡೂ ತಕ್ಷಣ ಆದರೆ ಸೆನ್ಸರ್ ಬದುಕಿದೆ, ಸ್ಕ್ಯಾನರ್ ಏನೇ ಅನ್ನಲಿ. 0.45ರಲ್ಲೇ ಅಲುಗಾಡದೆ ಕೂತಿದ್ದರೆ ಸೆನ್ಸರ್ ಬಿಸಿಯಾಗಿಲ್ಲ ಅಥವಾ ವೈರ್ ಕಡಿದಿದೆ.

ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಹಲವು ಕಾರುಗಳಲ್ಲಿ ಮುಂದಿನದು ಗಾಳಿ ಇಂಧನದ ಅನುಪಾತವನ್ನೇ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್. ಅದು ಹೀಗೆ ಕುಣಿಯುವುದಿಲ್ಲ. ಆ್ಯಪ್‌ನಲ್ಲಿ ಅದರ ವೋಲ್ಟೇಜ್ ನೋಡಿ ಗಾಬರಿಯಾಗದೆ ಲ್ಯಾಂಬ್ಡಾ ಮೌಲ್ಯ ನೋಡಿ. ಸ್ಥಿರ ವೇಗದಲ್ಲಿ 1.00ರ ಆಸುಪಾಸು ಇದ್ದರೆ ಸರಿ. ಇದನ್ನು ಮಲ್ಟಿಮೀಟರ್ ಹಿಡಿದು ಪರೀಕ್ಷಿಸಲು ಹೋಗಬೇಡಿ.

ವೋಲ್ಟೇಜಿಗಿಂತ ಹೆಚ್ಚು ಕತೆ ಹೇಳುವುದು ಫ್ಯುಯೆಲ್ ಟ್ರಿಮ್. ಸೆನ್ಸರಿನ ಮಾತು ಕೇಳಿ ಇಸಿಯು ಎಷ್ಟು ಪರ್ಸೆಂಟ್ ಇಂಧನ ಕೂಡಿಸಿತು, ಎಷ್ಟು ಕಳೆಯಿತು ಎಂಬ ಲೆಕ್ಕ ಅದು. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಇಸಿಯು ಕಲಿತು ಇಟ್ಟುಕೊಂಡದ್ದು) ಎರಡನ್ನೂ ಕೂಡಿಸಿ ನೋಡಿ. ಸೊನ್ನೆಯಿಂದ 5 ಪರ್ಸೆಂಟ್ ಆಚೀಚೆ ಚೆನ್ನ, 10ರವರೆಗೆ ಪರವಾಗಿಲ್ಲ. ಬಂಕ್‌ಗಳಲ್ಲಿ 20 ಪರ್ಸೆಂಟ್ ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದಮೇಲೆ ಹಳೆಯ ಕಾರುಗಳಲ್ಲಿ ಟ್ರಿಮ್ ನಾಲ್ಕೈದು ಪರ್ಸೆಂಟ್ ಏರಿರುವುದು ಸಹಜ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಅದು ರೋಗವಲ್ಲ.

ಐಡ್ಲಿಂಗಿನಲ್ಲಿ +20, 2500ರಲ್ಲಿ +5 ಎಂದು ಬಂದರೆ ಎಲ್ಲೋ ಇಂಟೇಕ್ ಕಡೆ ಗಾಳಿ ಕದ್ದು ನುಗ್ಗುತ್ತಿದೆ: ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸ್, ಎಂಜಿನ್ ಒಳಗಿನ ಅನಿಲವನ್ನು ಇಂಟೇಕಿಗೆ ತರುವ ಪಿಸಿವಿ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಎಂಜಿನ್ ವೇಗ ಹೆಚ್ಚಿದಾಗ ಸೋರಿಕೆಯ ಪಾಲು ಒಟ್ಟು ಗಾಳಿಯಲ್ಲಿ ಚಿಕ್ಕದಾಗುವುದರಿಂದ ಟ್ರಿಮ್ ಇಳಿಯುತ್ತದೆ. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಬದಲು ಇಂಟೇಕಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಸಣ್ಣ ಕಾರುಗಳಲ್ಲಿ ಇದೇ ಸೋರಿಕೆ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದೆ, ಐಡ್ಲಿಂಗ್ ಏರಿರುವುದರಲ್ಲಿ ಗೊತ್ತಾಗುತ್ತದೆ. ಐಡ್ಲಿಂಗಿನಲ್ಲಿ ಸರಿಯಿದ್ದು ಗಾಡಿ ಎಳೆಯುವಾಗ ಮಾತ್ರ ಏರಿದರೆ ಇಂಧನ ಸಾಲುತ್ತಿಲ್ಲ. ಫಿಲ್ಟರ್, ಪಂಪಿನ ಪ್ರೆಷರ್ ಮತ್ತು ಏರ್‌ಫ್ಲೋ ಸೆನ್ಸರಿಗೆ ಮೆತ್ತಿದ ಧೂಳು ನೋಡಬೇಕು. ಎಲ್ಲ ವೇಗದಲ್ಲೂ -15 ಅಂದರೆ ಇಂಜೆಕ್ಟರ್ ಸೋರುತ್ತಿರಬಹುದು, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಇರಬಹುದು. ಕೋಡ್ ಪಿ0171 ಅಂದರೆ ಲೀನ್ (ಗಾಳಿ ಜಾಸ್ತಿ), ಪಿ0172 ಅಂದರೆ ರಿಚ್ (ಪೆಟ್ರೋಲ್ ಜಾಸ್ತಿ). ಇವೆರಡೂ ಸೆನ್ಸರಿನ ಕೋಡ್‌ಗಳಲ್ಲ, ಸೆನ್ಸರ್ ಕೊಟ್ಟ ವರದಿಗಳು.

ಹೆಚ್ಚು ಜನ ಜಾರುವ ಜಾಗ ಇನ್ನೊಂದಿದೆ. ಒಂದು ಪ್ಲಗ್ ಹೊಡೆಯದೆ ಎಂಜಿನ್ ಮಿಸ್ಸಿಂಗ್ ಆಗುತ್ತಿದೆ ಅನ್ನಿ. ಆ ಸಿಲಿಂಡರಿನಿಂದ ಉರಿಯದ ಪೆಟ್ರೋಲಿನ ಜೊತೆ ಬಳಕೆಯಾಗದ ಆಮ್ಲಜನಕವೂ ಪೈಪಿಗೆ ಬರುತ್ತದೆ. ಆಮ್ಲಜನಕ ಕಂಡ ಸೆನ್ಸರ್ ‘ಗಾಳಿ ಜಾಸ್ತಿ’ ಎನ್ನುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕಾರು ಪೆಟ್ರೋಲ್ ವಾಸನೆ ಹೊಡೆಯುತ್ತಿರುತ್ತದೆ, ಕೋಡು ಮಾತ್ರ ಲೀನ್! ಸೆನ್ಸರಿಗೆ ಮುಂಚಿನ ಪೈಪಿನಲ್ಲಿ ಸಣ್ಣ ತೂತಿದ್ದರೂ ಹೀಗೇ. ಹೊಗೆ ಬಡಿತ ಬಡಿತವಾಗಿ ಬರುವುದರಿಂದ ಎರಡು ಬಡಿತಗಳ ನಡುವೆ ಪೈಪು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಹತ್ತಿರ ‘ಟಿಕ್ ಟಿಕ್’ ಸದ್ದಿದೆಯೇ ಕೇಳಿ. ಗ್ಯಾಸ್ಕೆಟ್ ಸಂದಿಯಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಕಳ್ಳ ಸಿಕ್ಕಿದ ಹಾಗೆಯೇ.

ಸೆನ್ಸರ್ ತಾನೇ ಕೆಡುವುದಿಲ್ಲ ಎಂದಲ್ಲ. ಹೆಚ್ಚಾಗಿ ಮೊದಲು ಹೋಗುವುದು ಒಳಗಿನ ಹೀಟರ್. ಪಿ0135 ಮುಂದಿನದರ ಹೀಟರ್ ಸರ್ಕ್ಯೂಟ್, ಪಿ0141 ಹಿಂದಿನದರದು. ಮೊದಲು ಫ್ಯೂಸ್ ನೋಡಿ, ಆಮೇಲೆ ಕನೆಕ್ಟರ್ ಬಿಚ್ಚಿ ಸೆನ್ಸರಿನ ಕಡೆ ಒಂದೇ ಬಣ್ಣದ ಎರಡು ವೈರುಗಳ ನಡುವೆ ಓಮ್ ಅಳೆಯಿರಿ. ಬಾಷ್, ಎನ್‌ಟಿಕೆ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರು ಹೀಟರಿನವು, ಕಪ್ಪು ಸಿಗ್ನಲ್, ಬೂದು ಅದರ ಗ್ರೌಂಡ್. ಡೆನ್ಸೊದಲ್ಲಿ ಎರಡು ಕಪ್ಪು ಹೀಟರಿಗೆ, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ತಣ್ಣಗಿರುವಾಗ ಬಹುತೇಕ ಸೆನ್ಸರುಗಳಲ್ಲಿ 2ರಿಂದ 15 ಓಮ್ ನಡುವೆ ಬರುತ್ತದೆ. ಓಪನ್ ಎಂದು ತೋರಿಸಿದರೆ ಹೀಟರ್ ಸತ್ತಿದೆ. ಓಮ್ ಸರಿಯಿದ್ದರೆ ಕಾರಿನ ಕಡೆಯ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ. ಕೆಲವು ಕಾರುಗಳಲ್ಲಿ ಎಂಜಿನ್ ಓಡುವಾಗ ಮಾತ್ರ ಬರುತ್ತದೆ. ಅದೂ ಇಲ್ಲವೆಂದರೆ ವೈರಿಂಗ್. ನಮ್ಮ ಕಡೆ ಅದಕ್ಕೆ ಮೊದಲ ಅನುಮಾನ ಇಲಿಯ ಮೇಲೇ ಹೋಗಬೇಕು.

ಪಿ0133 ಅಂದರೆ ಸೆನ್ಸರಿನ ಪ್ರತಿಕ್ರಿಯೆ ನಿಧಾನ. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೂ ಇದು ಬರುತ್ತಿದ್ದರೆ ಸೆನ್ಸರ್ ಮುದಿಯಾಗಿದೆ ಅಥವಾ ವಿಷ ತಿಂದಿದೆ. ಬಿಚ್ಚಿದ ಸೆನ್ಸರಿನ ಮೂತಿ ನೋಡಿದರೆ ಅರ್ಧ ಇತಿಹಾಸ ಗೊತ್ತಾಗುತ್ತದೆ. ಒಣ ಕಪ್ಪು ಮಸಿಯಿದ್ದರೆ ರಿಚ್ ಓಟ. ಬೂದುಗಂದು ಬಣ್ಣದ ಪದರವಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಪುಡಿಯಿದ್ದರೆ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್, ಅಥವಾ ಹೆಡ್ ಗ್ಯಾಸ್ಕೆಟ್ ಸೋರಿ ಒಳಬಂದ ಕೂಲೆಂಟ್. ಕೆಂಪು ಕಿತ್ತಳೆ ಬಣ್ಣವಿದ್ದರೆ ಮ್ಯಾಂಗನೀಸ್ ಇರುವ ಆಕ್ಟೇನ್ ಬೂಸ್ಟರ್. ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಎಂಜಿನ್ ಕೆಲಸ ಮಾಡಿಸುವಾಗ ‘ಸೆನ್ಸರ್ ಸೇಫ್’ ಎಂದು ಬರೆದಿರುವ ಪೇಸ್ಟನ್ನೇ, ಅದೂ ತೆಳುವಾಗಿ ಹಚ್ಚಲು ಹೇಳಿ. ಮಸಿಯಷ್ಟೇ ಇದ್ದರೆ ರಿಚ್ ಆಗುವುದನ್ನು ನಿಲ್ಲಿಸಿ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ತಾನೇ ಸುಟ್ಟುಹೋಗಬಹುದು. ಪೆಟ್ರೋಲಿನಲ್ಲಿ ನೆನೆಸುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಬ್ಲೋ ಟಾರ್ಚ್ ಹಿಡಿಯುವುದು ಎಲ್ಲ ವಿಡಿಯೋಗಳಿಗೆ ಚೆನ್ನ. ಸಿಲಿಕಾ ಪದರ ಹೋಗುವುದಿಲ್ಲ, ಸೆರಾಮಿಕ್ ಬಿರುಕು ಬಿಡುವುದು ಮಾತ್ರ ಖಂಡಿತ ಸಾಧ್ಯ.

ಬಿಚ್ಚುವ ಕೆಲಸಕ್ಕೆ ಬರೋಣ. ಹಿಂದಿನ ರಾತ್ರಿ ಥ್ರೆಡ್ ಬುಡಕ್ಕೆ ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಹೊಡೆಯಿರಿ. ಬೆಳಿಗ್ಗೆ ಎಂಜಿನ್ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ. ಪೈಪು ಬೆಚ್ಚಗಿದ್ದರೆ ಥ್ರೆಡ್ ಸಡಿಲವಾಗುತ್ತದೆ, ಕೈಗವಸು ಮಾತ್ರ ಇರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕನೆಕ್ಟರಿನ ಲಾಕ್ ಒತ್ತಿ ತೆಗೆಯಿರಿ. ಷಟ್ಕೋನ ಸಾಮಾನ್ಯವಾಗಿ 22 ಎಂಎಂ, ಥ್ರೆಡ್ 18 ಎಂಎಂ ವ್ಯಾಸ 1.5 ಪಿಚ್. ವೈರ್ ಹೊರಬರಲು ಸೀಳಿರುವ ಸೆನ್ಸರ್ ಸಾಕೆಟ್ ಸಿಗುತ್ತದೆ, ಅದೇ ಸರಿಯಾದ ಸಾಧನ. ಹಳೆಯದನ್ನು ಎಸೆಯುವುದು ಖಚಿತವಿದ್ದರೆ ವೈರ್ ಕತ್ತರಿಸಿ ರಿಂಗ್ ಸ್ಪ್ಯಾನರ್ ಹಾಕಬಹುದು. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಬಿಗಿಯಾಗಿದ್ದರೆ ಒಂದೇ ಸಮ ಎಳೆಯದೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ನಡುವೆ ಮತ್ತೆ ಆಯಿಲ್. ಥ್ರೆಡ್ ಕಿತ್ತುಬಂದರೆ ಅದೇ ಅಳತೆಯ ಟ್ಯಾಪ್ ಹಾಯಿಸಬೇಕು.

ಹೊಸದರ ಥ್ರೆಡ್ಡಿಗೆ ಕಂಪನಿಯೇ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ ಕಳಿಸುವುದುಂಟು. ಇಲ್ಲದಿದ್ದರೆ ಸೆನ್ಸರಿಗೆಂದೇ ಇರುವುದನ್ನು ಥ್ರೆಡ್ಡಿಗೆ ಮಾತ್ರ ಹಚ್ಚಿ, ಮೂತಿಗೆ ಒಂದು ಹನಿಯೂ ತಾಗದಿರಲಿ. ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಸುಮಾರು 40 ನ್ಯೂಟನ್ ಮೀಟರ್ ಬಿಗಿ ಕೊಟ್ಟು, ಆಮೇಲೆ ಕನೆಕ್ಟರ್ ಸೇರಿಸಿ. ಕನೆಕ್ಟರ್ ಮೊದಲೇ ಹಾಕಿಬಿಟ್ಟರೆ ವೈರ್ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಪೈಪಿಗೆ ತಾಗದಂತೆ ಹಳೆಯ ಕ್ಲಿಪ್ಪಿನಲ್ಲೇ ಸಿಕ್ಕಿಸಿ. ಕೈತಪ್ಪಿ ನೆಲಕ್ಕೆ ಬಿದ್ದ ಸೆನ್ಸರನ್ನು ಹಾಕಬೇಡಿ. ಕನೆಕ್ಟರಿಗೆ ಗ್ರೀಸ್ ತುಂಬಬೇಡಿ, ವೈರಿಗೆ ಬೆಸುಗೆ ಹಾಕಬೇಡಿ. ಬಹಳಷ್ಟು ಸೆನ್ಸರುಗಳು ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ವೈರಿನ ಎಳೆಗಳ ನಡುವಿನ ಸಂದಿಯಿಂದ, ಅದು ಮುಚ್ಚಿದರೆ ಓದು ತಪ್ಪುತ್ತದೆ. ಬಿಡಿಭಾಗಕ್ಕೆಂದು ಬೆಂಗಳೂರಿನ ಜೆ.ಸಿ. ರಸ್ತೆಗೋ ಆನ್‌ಲೈನಿಗೋ ಹೋಗುವ ಮುಂಚೆ ಹಳೆಯದರ ಮೈಮೇಲಿನ ಪಾರ್ಟ್ ನಂಬರ್ ಬರೆದುಕೊಳ್ಳಿ. ಪ್ಲಗ್ ಕೂತಿತೆಂದರೆ ಸೆನ್ಸರ್ ಹೊಂದಿತು ಎಂದಲ್ಲ.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದರೆ ಎರಡೂ ಸೆನ್ಸರಿನ ಗ್ರಾಫ್ ಒಟ್ಟಿಗೆ ನೋಡಿ. ಸ್ಥಿರ ವೇಗದಲ್ಲಿ ಹಿಂದಿನದು 0.6ರಿಂದ 0.8ರ ನಡುವೆ ಹೆಚ್ಚುಕಮ್ಮಿ ನಿಂತಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಮುಂದಿನದರ ಕುಣಿತವನ್ನೇ ಹಿಂದಿನದೂ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ, ಹಿಂದಿನ ಸೆನ್ಸರ್ ಬದಲಿಸಿ ಉಪಯೋಗವಿಲ್ಲ. ಸೆನ್ಸರ್ ಕೆಳಗೆ ಸ್ಪೇಸರ್ ಹಾಕಿ ಲೈಟ್ ಆರಿಸುವವರಿದ್ದಾರೆ. ಹೊಗೆಯಂತೂ ಹಾಗೇ ಇರುತ್ತದೆ. ಲೈಟ್ ಹತ್ತಿ ಆರಿ ಮಿಟುಕುತ್ತಿದ್ದರೆ ಮಾತ್ರ ತಡಮಾಡಬೇಡಿ: ಅದು ಜೋರು ಮಿಸ್ಸಿಂಗ್, ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೊತ್ತಿ ಅದನ್ನು ಕರಗಿಸುತ್ತದೆ. ಬದಿಗೆ ನಿಲ್ಲಿಸಿ.

ಎಮಿಷನ್ ಟೆಸ್ಟಿನ ಚೀಟಿಯನ್ನೂ ಓದಲು ಕಲಿಯಿರಿ. ಬಿಎಸ್4 ಮತ್ತು ನಂತರದ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಮೊದಲನೆಯದು ಜಾಸ್ತಿಯಾದರೆ ರಿಚ್. ಎರಡನೆಯದು ಮಾತ್ರ ಜಾಸ್ತಿಯಾದರೆ ಮಿಸ್ಸಿಂಗ್ ಕಡೆ ನೋಡಿ. ಎಂಜಿನ್ ಬಿಸಿ ಮಾಡಿಕೊಂಡೇ ಹೋಗಿ, ತಣ್ಣನೆಯ ಕನ್ವರ್ಟರ್ ಏನನ್ನೂ ಶುದ್ಧ ಮಾಡುವುದಿಲ್ಲ.

ಬಿಎಸ್6 ಡೀಸೆಲ್‌ಗಳ ಲೋಕ ಬೇರೆ. ಅಲ್ಲಿ ಮೊದಲು ನೋಡಬೇಕಾದದ್ದು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಪ್ರೆಷರ್ ಸೆನ್ಸರ್. ಕೀ ಆನ್, ಎಂಜಿನ್ ಆಫ್ ಇದ್ದಾಗ ಅದು ಸೊನ್ನೆ ತೋರಿಸಬೇಕು. ಇಲ್ಲವಾದರೆ ಸೆನ್ಸರಿನಲ್ಲೇ ದೋಷ. ಅದರ ಎರಡು ರಬ್ಬರ್ ಹೋಸ್ ಬಿರಿದಿದ್ದರೆ ಅಥವಾ ಮಸಿ ಕಟ್ಟಿಕೊಂಡಿದ್ದರೂ ಓದು ತಪ್ಪಿ, ಚೆನ್ನಾಗಿರುವ ಫಿಲ್ಟರಿಗೆ ಕೆಟ್ಟ ಹೆಸರು ಬರುತ್ತದೆ. ಹೊಗೆ ಶುದ್ಧ ಮಾಡಲು ಆ್ಯಡ್‌ಬ್ಲೂ ದ್ರವ ಬಳಸುವ ಗಾಡಿಯಲ್ಲಿ 32.5 ಪರ್ಸೆಂಟ್ ಯೂರಿಯಾದ ದ್ರಾವಣವಲ್ಲದೆ ಬೇರೇನು ಹಾಕಿದರೂ ನಾಕ್ಸ್ (ನೈಟ್ರೋಜನ್ ಆಕ್ಸೈಡ್) ಸೆನ್ಸರ್ ದೂರು ಹೇಳುತ್ತದೆ, ಆ ದೂರು ಸರಿಯಾದದ್ದೇ.

ರಿಪೇರಿ ಮುಗಿದಮೇಲೆ ಕೋಡ್ ಅಳಿಸಿದರೆ ಇಸಿಯು ತನ್ನ ಸ್ವಂತ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕು. ಆ್ಯಪ್‌ನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟವಿರುತ್ತದೆ. ಆಕ್ಸಿಜನ್ ಸೆನ್ಸರ್, ಕ್ಯಾಟಲಿಸ್ಟ್ ಎರಡೂ ‘ರೆಡಿ’ ಆಗುವವರೆಗೆ ಲೈಟ್ ಆರಿರುವುದಕ್ಕೆ ಅರ್ಥವಿಲ್ಲ. ಅದಕ್ಕೆ ತಣ್ಣನೆಯ ಸ್ಟಾರ್ಟ್, ಊರೊಳಗಿನ ಓಟ, ಒಂದಷ್ಟು ದೂರ ಸಮವೇಗದ ಹೆದ್ದಾರಿ ಎಲ್ಲ ಬೇಕು. ಒಂದು ವಾರ ಓಡಿಸಿ ಲಾಂಗ್ ಟರ್ಮ್ ಟ್ರಿಮ್ ಮತ್ತೆ ನೋಡಿ. ಹೊಸ ಸೆನ್ಸರ್ ಹಾಕಿದ ಮೇಲೂ ಅದು +15ರಲ್ಲೇ ಇದ್ದರೆ ಮೂಲ ದೋಷ ಇನ್ನೂ ಅಲ್ಲೇ ಇದೆ. ಬಿಚ್ಚಿದ ಹಳೆಯ ಸೆನ್ಸರಿನ ವೈರ್ ಕತ್ತರಿಸಿರದಿದ್ದರೆ ಎಸೆಯಬೇಡಿ, ಬಹುಶಃ ಅದು ಚೆನ್ನಾಗಿಯೇ ಇತ್ತು.