ಊರು ಬಿಟ್ಟ ಗ್ರಾಹಕರು

ಇವತ್ತು ಡೇಟಾಬೇಸ್‌ಗೆ ಕೇಳಿದ ಒಂದು ಪುಟ್ಟ ಪ್ರಶ್ನೆ, ಅಂದರೆ ಕ್ವೆರಿ, ನನ್ನ ಊಟ ಕೆಡಿಸಿತು. 'ಹಾಸನದ ಗ್ರಾಹಕರ ಆರ್ಡರ್‌ಗಳನ್ನು ಕೊಡು.' ಇಷ್ಟೇ ಕೇಳಿದ್ದು.

ನಮ್ಮದು ಆಬ್ಜೆಕ್ಟ್ ಡೇಟಾಬೇಸ್. ಒಂದು ದಾಖಲೆಯೊಳಗೇ ಮುಂದಿನ ದಾಖಲೆಯ ಕೊಂಡಿ (ಪಾಯಿಂಟರ್) ಇರುತ್ತದೆ. ಆರ್ಡರ್‌ನಿಂದ ಗ್ರಾಹಕ, ಗ್ರಾಹಕನಿಂದ ವಿಳಾಸ, ಅಲ್ಲಿಂದ ಊರು. ಒಂದೊಂದು ಆರ್ಡರ್‌ಗೂ ಇದೇ ಅಲೆದಾಟ. ನೋಡ್ತಾ ಕೂತರೆ ಆಕಳಿಕೆ ಬರುತ್ತದೆ.

ನೆಸ್ಟೆಡ್ ಇಂಡೆಕ್ಸ್ ಹಾಕಿದೆ, ಅಂದರೆ ದಾರಿಯ ಕೊನೆಯ ಊರಿನಿಂದ ಮೊದಲಿನ ಆರ್ಡರ್‌ಗೆ ನೇರ ಸೂಚಿ. ಈಗ 'ಹಾಸನ' ಅಂದರೆ ಸಾಕು, ಆರ್ಡರ್‌ಗಳ ಐಡಿ ನೇರ ಕೈಗೆ. ನಡುವೆ ಯಾರನ್ನೂ ಮಾತಾಡಿಸಬೇಕಿಲ್ಲ. ಖುಷಿಯಾಗಿ ಡಬ್ಬಿ ಬಿಚ್ಚಿದೆ.

ಅಷ್ಟರಲ್ಲಿ ಗ್ರಾಹಕರೊಬ್ಬರು ಮೈಸೂರಿಗೆ ಮನೆ ಬದಲಿಸಿದರು!

ಬದಲಾಗಿದ್ದು ಒಂದೇ ಒಂದು ವಿಳಾಸ. ಆದರೆ ಅದು ಯಾರ ವಿಳಾಸ, ಅವರ ಆರ್ಡರ್‌ಗಳು ಯಾವುವು ಅಂತ ಇಂಡೆಕ್ಸ್ ಸರಿಮಾಡಲು ಹಿಂದಕ್ಕೆ ನಡೆಯಬೇಕು. ಹಿಂದಕ್ಕೆ ಹೋಗುವ ಪಾಯಿಂಟರನ್ನೇ ನಾವು ಇಟ್ಟಿರಲಿಲ್ಲ.

ಡೇಟಾಬೇಸ್ ಸಂಶೋಧಕರಾದ ಬರ್ಟಿನೋ ಮತ್ತು ಕಿಮ್ 1989ರಲ್ಲೇ ಈ ಖರ್ಚನ್ನೆಲ್ಲ ಲೆಕ್ಕ ಹಾಕಿಟ್ಟಿದ್ದಾರೆ. ಇಡೀ ದಾರಿಯನ್ನೇ ಬರೆದಿಡುವ ಪಾತ್ ಇಂಡೆಕ್ಸ್‌ಗೆ ಈ ಹಿಂದಿನ ನಡಿಗೆ ಬೇಡ. ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ನಾನು ಸುಮ್ನೆ ಮೊದಲೇ ಓದಬಹುದಿತ್ತು.

ಮನೆ ಬದಲಿಸಿದಾಗ ಗ್ಯಾಸು, ಬ್ಯಾಂಕು, ಆಧಾರ್ ಅಂತ ನಾವು ಅಲೆಯುವುದೂ ಇದೇ ಅಲ್ವಾ?

ಚಿತ್ರಾನ್ನ ತಣ್ಣಗಾಗಿದೆ.