ಜೆರ್ಸಿ ನಂಬರ್ 5

ನವೆಂಬರ್ ತಿಂಗಳ ಒಂದು ಶನಿವಾರ. ಫುಟ್‌ಬಾಲ್ ಮೈದಾನದ ಬದಿಯಲ್ಲಿ ನನಗೆ ಹತ್ತಿರದಲ್ಲೇ ನಿಂತಿದ್ದ, ತಮ್ಮ ತಂಡಕ್ಕೆ ಆಟಗಾರ್ತಿಯರನ್ನು ಹುಡುಕಲು ಬಂದಿದ್ದ ಕಾಲೇಜ್ ಕೋಚ್ ಒಬ್ಬರು ಕೈಯಲ್ಲಿದ್ದ ಹಾಳೆ ನೋಡುತ್ತಾ ಜೊತೆಯಲ್ಲಿದ್ದವರನ್ನು ಕೇಳಿದರು: "16ನೇ ನಂಬರಿನ ಹುಡುಗಿ ಲೆಫ್ಟ್ ಬ್ಯಾಕ್ ಅಲ್ವಾ? ಮತ್ತೆ ಯಾಕೆ ಮುಂದೆ ಆಡ್ತಿದ್ದಾಳೆ?"

ನನ್ನ ಎದೆ ಧಸಕ್ಕೆಂದಿತು. 16 ನನ್ನ ಮಗಳ ಹೋದ ವರ್ಷದ ನಂಬರ್. ಅವಳು ಆಡುವುದು ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯಲ್ಲಿ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಜಾಗದಲ್ಲಿ. ಈ ಸಲ ಕ್ಲಬ್ಬಿನಲ್ಲಿ ಹೊಸ ಜೆರ್ಸಿ ಕೊಟ್ಟಾಗ ಅವಳಿಗೆ 5 ಬಂದಿತ್ತು. ಆ ಕೋಚ್‌ಗೆ ಮೇಲ್ ಬರೆದವಳು ನಾನು. ಮಗಳ ಹೆಸರಿನಲ್ಲಿ, ಮಗಳ ಅಕೌಂಟಿನಿಂದ. ಸೆಪ್ಟೆಂಬರಿನಲ್ಲಿ ಎರಡು ರಾತ್ರಿ ಕೂತು 40 ಕಾಲೇಜುಗಳಿಗೆ ಒಂದೇ ಪತ್ರ ಕಳಿಸಿದ್ದೆ. ನಂಬರ್ ಬದಲಾದದ್ದನ್ನು ತಿಳಿಸಬೇಕು ಅಂತ ಹೊಳೆದೇ ಇರಲಿಲ್ಲ. ಆ ಕೋಚ್ ಇಪ್ಪತ್ತು ನಿಮಿಷ ಬೇರೆ ಯಾರದೋ ಮಗಳನ್ನು ನೋಡಿ, ಪಕ್ಕದ ಮೈದಾನಕ್ಕೆ ಹೊರಟುಹೋದರು. ಬಾಯಿ ಬಿಟ್ಟು ಹೇಳಲೂ ನನಗೆ ಆಗಲಿಲ್ಲ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ. ಇಲ್ಲಿ ಫುಟ್‌ಬಾಲಿಗೆ ಸಾಕರ್ ಅನ್ನುತ್ತಾರೆ. ಪಕ್ಕದ ಊರು ಕ್ಯಾರಿ. 2024ರ ಡಿಸೆಂಬರಿನಲ್ಲಿ ಅಲ್ಲಿನ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿ ಮಹಿಳೆಯರ ಕಾಲೇಜ್ ಕಪ್ ಫೈನಲ್ ನಡೆಯಿತು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ವೇಕ್ ಫಾರೆಸ್ಟ್ ತಂಡವನ್ನು 1-0ಯಿಂದ ಸೋಲಿಸಿತು. 10ನೇ ಕ್ಲಾಸಿನಲ್ಲಿದ್ದ ಮಗಳು ಮನೆಗೆ ಬರುವ ದಾರಿಯಲ್ಲಿ, "ಅಮ್ಮಾ, ನಾನು ಕಾಲೇಜಿನಲ್ಲೂ ಆಡಬೇಕು" ಅಂದಳು.

ಹಾಸನದಲ್ಲಿ ಬೆಳೆದ ನನಗೆ ಗೊತ್ತಿದ್ದದ್ದು ಸಿಇಟಿಯ ಸ್ಪೋರ್ಟ್ಸ್ ಕೋಟಾ. ಆಡಿದ ಸರ್ಟಿಫಿಕೇಟ್ ತೋರಿಸಬೇಕು, ಸೀಟಿಗೆ ಕಾಯಬೇಕು. ಇಲ್ಲಿ ಹಾಗಲ್ಲ. ಕೋಚ್‌ಗೆ ಇಷ್ಟವಾಗಬೇಕು. ಇಷ್ಟವಾಗೋದಕ್ಕೆ ಮೊದಲು ಕಣ್ಣಿಗೆ ಬೀಳಬೇಕು. ಕಾಲೇಜ್ ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎಯ ನಿಯಮದ ಪ್ರಕಾರ 10ನೇ ಕ್ಲಾಸ್ ಮುಗಿದ ವರ್ಷದ ಜೂನ್ 15ರವರೆಗೆ ಡಿವಿಷನ್ 1, ಅಂದರೆ ಮೊದಲ ದರ್ಜೆಯ ಕಾಲೇಜುಗಳ ಕೋಚ್‌ಗಳು ಸಾಕರ್ ಮಕ್ಕಳಿಗೆ ಆಯ್ಕೆಯ ವಿಷಯವಾಗಿ ಫೋನ್ ಮಾಡುವಂತಿಲ್ಲ, ಮೇಲಿಗೆ ಉತ್ತರ ಕೊಡುವಂತಿಲ್ಲ. 2025ರ ಆ ದಿನ ಅವಳು ಊಟಕ್ಕೂ ಫೋನ್ ಹಿಡಿದೇ ಕೂತಿದ್ದಳು. ಬಂದದ್ದು ಒಂದೇ ಮೆಸೇಜ್, ಬೇಸಿಗೆ ಕ್ಯಾಂಪಿನ ಜಾಹೀರಾತು. ಆ ಮುಖ ನೋಡಲಾರದೆ ನಾನು ಎಲ್ಲವನ್ನೂ ಕೈಗೆ ತೆಗೆದುಕೊಂಡೆ. ತಾಯಿಯ ಸಂಕಟ ಅದು. ಆದರೂ ತಪ್ಪೇ.

ಜೆರ್ಸಿ ನಂಬರಿನ ವಿಷಯ ನವೆಂಬರಿನ ಆ ಶನಿವಾರ ರಾತ್ರಿ ಅವಳಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಕಳಿಸಿದ ಮೇಲ್‌ಗಳನ್ನು ಒಂದೊಂದಾಗಿ ಓದಿದಳು. "ಅಮ್ಮಾ, ಇದರಲ್ಲಿ ನಾನೇ ಇಲ್ಲ" ಅಂದಳು. ಅದು ನಂಬರ್ ತಪ್ಪಿದ್ದಕ್ಕಿಂತ ಜಾಸ್ತಿ ನಾಟಿತು.

ಮರುದಿನದಿಂದ ಕೆಲಸ ಅವಳದು. 40 ಕಾಲೇಜುಗಳ ಪಟ್ಟಿ 12ಕ್ಕೆ ಇಳಿಯಿತು. ಅವಳು ಮಾಡಿದ ಒಂದು ಕೆಲಸ ನನಗೆ ಯಾವತ್ತೂ ತೋಚುತ್ತಿರಲಿಲ್ಲ. ಕಾಲೇಜುಗಳ ವೆಬ್‌ಸೈಟಿನಲ್ಲಿ ತಂಡದ ಆಟಗಾರರ ಪಟ್ಟಿ ಇರುತ್ತದಲ್ಲ, ಅದನ್ನು ಕೂತು ಓದಿದಳು. ತಾನು ಸೇರುವ 2027ರಲ್ಲಿ ಯಾವ ತಂಡದ ಲೆಫ್ಟ್ ಬ್ಯಾಕ್ ಓದು ಮುಗಿಸಿ ಹೋಗುತ್ತಾಳೆ ಅಂತ ಗುರುತು ಹಾಕಿಕೊಂಡಳು. ಜಾಗ ಖಾಲಿಯಾಗದ ಕಡೆ ಎಷ್ಟು ಚೆನ್ನಾಗಿ ಆಡಿದರೂ ಸುಮ್ನೆ ಅಲ್ವಾ? ಅದರಲ್ಲೂ 2025-26ರಿಂದ ದೊಡ್ಡ ಡಿವಿಷನ್ 1 ಕಾಲೇಜುಗಳ ಸಾಕರ್ ತಂಡಕ್ಕೆ 28 ಜನರ ಮಿತಿ ಬಂದಿದೆ. ಆ 28ರಲ್ಲೂ ಕೆಲವು ಜಾಗ ಬೇರೆ ಕಾಲೇಜುಗಳಿಂದ ಬರುವ ಅನುಭವಿ ಆಟಗಾರರ ಪಾಲಾಗುತ್ತದೆ. ಹಾಗಾಗಿ ಅವಳ ಪಟ್ಟಿಯಲ್ಲಿ ಏಳು ಡಿವಿಷನ್ 3 ಕಾಲೇಜುಗಳಿದ್ದವು. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ. ಓದಿಗೆ, ಮನೆಯ ಆದಾಯ ನೋಡಿ ಸಹಾಯ ಸಿಗುತ್ತದೆ. ಕೆಮಿಸ್ಟ್ರಿಯಲ್ಲಿ ಬಂದ ಒಳ್ಳೆಯ ಗ್ರೇಡ್ ಕೂಡ ಅವಳು ಹೊಸದಾಗಿ ಬರೆದ ಮೇಲ್‌ನ ಮೊದಲ ಸಾಲಿಗೆ ಸೇರಿತು.

ಆ ಮೇಲ್ ತುಂಬಾ ಚಿಕ್ಕದು. ಹೈಸ್ಕೂಲ್ ಮುಗಿಸುವ ವರ್ಷ, ಆಡುವ ಜಾಗ, ಕ್ಲಬ್, ಗ್ರೇಡ್, ಜೆರ್ಸಿ ನಂಬರ್, ಮುಂದಿನ ಪಂದ್ಯಗಳ ಸಮಯ, ಮೈದಾನದ ನಂಬರ್. ಕೊನೆಗೆ ಆ ಕಾಲೇಜೇ ಯಾಕೆ ಅಂತ ಎರಡು ಸಾಲು, ಪ್ರತಿಯೊಬ್ಬರಿಗೂ ಬೇರೆ ಬೇರೆ. ಅವಳ ಆಟದ ತುಣುಕುಗಳಿಗೆ ನಾನು ಹಾಡು ಹಾಕಿ ಮಾಡಿದ್ದ 9 ನಿಮಿಷದ ವಿಡಿಯೋವನ್ನು 4 ನಿಮಿಷಕ್ಕೆ ಕತ್ತರಿಸಿ, ಹಾಡು ತೆಗೆದಳು. ಒಂದೊಂದು ತುಣುಕು ಶುರುವಾಗುವಾಗಲೂ ತನ್ನ ಸುತ್ತ ಒಂದು ವೃತ್ತ ಹಾಕಿದಳು.

ಡಿಸೆಂಬರಿನಲ್ಲಿ ಕಾಲೇಜ್ ಕೋಚ್‌ಗಳು ನೋಡಲು ಬರುವ ಇನ್ನೊಂದು ಪಂದ್ಯಾವಳಿ. ಶನಿವಾರ, 7ನೇ ಮೈದಾನ. ಬೆಳಗಿನ ಚಳಿಗೆ ಹುಲ್ಲು ಬೆಳ್ಳಗಾಗಿತ್ತು. ಮಕ್ಕಳು ಇನ್ನೂ ವಾರ್ಮ್ ಅಪ್ ಮಾಡುತ್ತಿರುವಾಗಲೇ ಡಿವಿಷನ್ 3 ಕಾಲೇಜೊಂದರ ಕೋಚ್ ಬಂದು ಆಚೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಈ ಸಲ ನಂಬರ್ ಸರಿಯಿತ್ತು.

23ನೇ ನಿಮಿಷ. ನಮ್ಮ ಗೋಲಿನ ಮುಂದೆ ಮಗಳು ಅಡ್ಡಕ್ಕೆ ಕೊಟ್ಟ ಪಾಸನ್ನು ಎದುರು ತಂಡದವಳು ನಡುವೆ ನುಗ್ಗಿ ಕಸಿದುಕೊಂಡಳು. ಗೋಲ್! ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅವಳು ಕೈ ಎತ್ತಿ ತಪ್ಪು ತನ್ನದು ಅಂತ ಗೋಲ್ ಕೀಪರ್‌ಗೆ ಹೇಳುತ್ತಿದ್ದಳು. ಆಟ ಮತ್ತೆ ಶುರುವಾದ ಕೂಡಲೇ, ಅದೇ ಜಾಗದಲ್ಲಿ ನಿಂತು, ಬಾಲ್ ತನಗೇ ಕೊಡಿ ಅಂತ ಕೂಗಿದಳು. ಅಷ್ಟು ಧೈರ್ಯ ಅವಳಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಕೋಚ್ ಏನೋ ಬರೆದುಕೊಂಡರು. ಹಾಫ್ ಟೈಮಿಗೆ ಕುರ್ಚಿ ಮಡಚಿ ಹೊರಟರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಕಾರಿನಲ್ಲಿ ಏನೋ ಸಮಾಧಾನ ಹೇಳಲು ಹೋದಾಗ ನಮ್ಮೆಜಮಾನರು ಮೆಲ್ಲಗೆ ನನ್ನ ಕೈ ಅದುಮಿದರು.

ಸೋಮವಾರ ಆ ಕೋಚ್ ಮೇಲ್ ಬಂತು. ಎರಡೇ ಸಾಲು. ತುಣುಕುಗಳು ಬೇಡ, ಶನಿವಾರದ ಪೂರ್ತಿ ಪಂದ್ಯದ ವಿಡಿಯೋ ಕಳಿಸು ಅಂತ.

"ಭಾನುವಾರದ್ದು ಕಳಿಸಲಾ ಅಮ್ಮಾ? ಅದು ನಾವು ಗೆದ್ದ ಪಂದ್ಯ" ಅಂದಳು. ನನ್ನ ಬಾಯಿ ತುದಿಯಲ್ಲಿ ಉತ್ತರ ಇತ್ತು. ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಚಪಾತಿ ಹಿಟ್ಟು ನಾದುತ್ತಾ ನಿಂತೆ.

ಅರ್ಧ ಗಂಟೆ ಬಿಟ್ಟು ಅವಳೇ ಬಂದು ಫೋನ್ ಹಿಡಿದಳು. ಶನಿವಾರದ ಪಂದ್ಯವೇ ಹೋಗಿತ್ತು. ಕೆಳಗೆ ಬರೆದಿದ್ದಳು: "ನಾನು ಬಿಳಿ ಜೆರ್ಸಿ, ನಂಬರ್ 5. 23ನೇ ನಿಮಿಷದ ತಪ್ಪು ನನ್ನದು. ಅದೇ ಪರಿಸ್ಥಿತಿ 31ನೇ ನಿಮಿಷದಲ್ಲಿ ಮತ್ತೆ ಬರುತ್ತದೆ. ದಯವಿಟ್ಟು ಅದನ್ನೂ ನೋಡಿ."

ಕಳಿಸುವ ಮೊದಲು ನನಗೆ ತೋರಿಸಿರಲಿಲ್ಲ.